ಥರ್ಮಾಕೋಲ್ ಗೋಡೆಯಲ್ಲಿ ಸಾಗವಾನಿ ತೊಲೆ

೯ ಮಾರ್ಚ್ ೧೯೯೩, ಮಸ್ಕಿ

ನಾನು ಪಾರ್ವತೆಮ್ಮ. ಲಿಂಗಸುಗೂರು ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಮುಗಿಸಿದವಳು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಈ ಮನೆ ನನ್ನ ಮಾತಿನ ಮೇಲೆ ನಡೆದಿದೆ. ನನ್ನನ್ನು ಕೇಳದೆ ಇಲ್ಲಿ ಒಂದು ಮೊಳೆಯನ್ನೂ ಬಡಿಯುವುದಿಲ್ಲ.

ಬೆಳಿಗ್ಗೆಯಿಂದ ಧೂಳು. ಪಡಸಾಲೆಯ ಪಕ್ಕದ ಕೋಣೆಯ ಮಣ್ಣಿನ ಗೋಡೆ ಕೆಡವಿದರು. ಕಂಬ, ತೊಲೆ ಉಳಿದಿವೆ — ಮಾವನವರು ತರಿಸಿದ ಸಾಗವಾನಿ. ಮಗ ಕನಕರಾಯ ಸಿಂಧನೂರಿನಿಂದ ಇಂಜಿನಿಯರನನ್ನು ಕರೆತಂದಿದ್ದಾನೆ. ಕುವೈತಿನಲ್ಲಿ ಕಲಿತ ವಿದ್ಯೆಯಂತೆ. ಎರಡು ಸಾಲು ಥರ್ಮಾಕೋಲ್ ನಿಲ್ಲಿಸಿ ನಡುವೆ ಕಾಂಕ್ರೀಟು ಸುರಿಯುವುದು. ಥರ್ಮಾಕೋಲ್ ತೆಗೆಯುವುದಿಲ್ಲ, ಅದರ ಮೇಲೆಯೇ ಸಿಮೆಂಟಿನ ಗಿಲಾವು. ಬಿಸಿಲು ಒಳಗೆ ಬಾರದಂತೆ.

ರೇಡಿಯೋ ಡಬ್ಬಿಯಲ್ಲಿ ಬರುವ ಬಿಳಿ ಕಸ! ಕೈಗೆ, ಸೆರಗಿಗೆ ಅಂಟುತ್ತದೆ. ಹೇಸಿಗೆ.

ಒಪ್ಪಿದೆ. ಸೊಸೆ ಶೇಖಮ್ಮ ಬಿಸಿಲು ತಾಳಲಾರಳು.

೧೪ ಮಾರ್ಚ್

ನಮ್ಮ ಹಳೆಯ ಬಡಿಗ ರಹಮಾನಸಾಬ ತಕರಾರು ತೆಗೆದ.

“ಅವ್ವಾರ, ತೊಲಿ ತುದಿ ಸಿಮಿಟಿನಾಗ ಹುಗಿಬ್ಯಾಡ್ರಿ. ಕೆಳಗ ಒಂದು ಕಲ್ಲಿಟ್ಟು ಸುತ್ತ ಎರಡು ಬಟ್ಟು ಸಂದು ಬಿಡ್ರಿ. ಕಟಗಿಗಿ ಗಾಳಿ ಬೇಕು.”

ಇಂಜಿನಿಯರ ನಕ್ಕ. “ನಿನ್ನ ಕಟಗಿಗಿ ದಮ್ಮಿನ ಬ್ಯಾನಿ ಐತೇನೋ ಸಾಬ?”

“ಈಗಿಲ್ರಿ. ನೀವು ಹುಗದ ಮ್ಯಾಲ ಬರತೈತಿ. ಹಸಿಯಾಗಿ ಒರಲಿ ಹತ್ತತೈತಿ.”

ನನ್ನ ಮಾವನ ಸಾಗವಾನಿಗೆ ಗೆದ್ದಲು! ಅದೂ ನನ್ನೆದುರು!

“ಸಾಗವಾನಿಗೆ ಒರಲಿ ಹತ್ತಿದ್ದು ಎಲ್ಲಿ ನೋಡೀಯೋ? ನಡಿ ಇಲ್ಲಿಂದ” ಎಂದೆ. ಉಳಿಯ ಚೀಲ ಹೆಗಲಿಗೇರಿಸಿ ಹೋದ. ತಿರುಗಿಯೂ ನೋಡಲಿಲ್ಲ. ಸೊಕ್ಕು.

೩೦ ಏಪ್ರಿಲ್ ೧೯೯೪

ಕೋಣೆ ತಂಪು. ಬರೆಯಲು ಮನಸ್ಸಿಲ್ಲ, ಆದರೂ ಖರೆ. ಪಕ್ಕದ ಮನೆಯ ಆದಮ್ಮ ಮಧ್ಯಾಹ್ನ ಇಲ್ಲೇ ಬಂದು ಮಲಗುತ್ತಾಳೆ. “ಇದು ಕ್ವಾಣಿ ಅಲ್ರಿ, ನೀರಿನ ಗಡಿಗಿ” ಅಂತಾಳೆ. ಶೇಖಮ್ಮ ಬಾಣಂತನಕ್ಕೆ ತವರಿಗೆ, ಗುರುಗುಂಟಾಕ್ಕೆ ಹೋಗಿದ್ದಾಳೆ.

೧೧ ಸೆಪ್ಟೆಂಬರ್

ಸೊಸೆ ಕೂಸಿನೊಂದಿಗೆ ಬಂದಳು. ತೊಟ್ಟಿಲಿನ ಹಗ್ಗ ಕಟ್ಟಲು ತೊಲೆಯ ಮೇಲೆ ಕೈಯಾಡಿಸಿದೆ. ಗೋಡೆಯ ಬದಿ ಹಸಿಮಣ್ಣಿನ ಗೆರೆ. ತಲೆಯ ಪಿನ್ನು ಚುಚ್ಚಿದೆ... ಬೆಣ್ಣೆಗೆ ಹೋದಂತೆ ಪೂರಾ ಹೋಯಿತು. ಗಿಲಾವು ಕೆತ್ತಿಸಿದರೆ ಥರ್ಮಾಕೋಲಿನೊಳಗೆ ಬುನಾದಿಯಿಂದ ತೊಲೆಯವರೆಗೆ ಒರಲೆಯ ದಾರಿ. ಬಿಳಿಯದರೊಳಗೆ ಬಿಳಿ ಹುಳ, ಮಿಜಿಮಿಜಿ.

ಕನಕರಾಯ ಇಣುಕಿ, “ಒರಲಿ ಎಣ್ಣಿ ಹೊಡದು ಮ್ಯಾಲ ಗಿಲಾವು ಬಳದ್ರ ಆತ್ ಬಿಡು ಯವ್ವಾ” ಎಂದ.

ಆ ತೊಲೆಯ ಕೆಳಗೆ ಮಲಗುವುದು ಅವನದೇ ಕೂಸು. ಥೂ.

ಅವನ ಮೇಲಿಗಿಂತ ನನ್ನ ಬಾಯಿಯ ಮೇಲೆ ಹೆಚ್ಚು ಹೇಸಿಕೆ. ಮೊದಲೇ ಹೇಳಿದ ಬಡಿಗನನ್ನು ಓಡಿಸಿದ್ದು ನಾನು.

೧೩ ಸೆಪ್ಟೆಂಬರ್

ಕನಕರಾಯ ಎರಡು ದಿನಕ್ಕೆ ಲಿಂಗಸುಗೂರಿಗೆ ಹೋದ. ನಾನು ಬಡಿಗನ ಮನೆಗೆ ಹೋದೆ. ನಡೆದೇ. ಅವನ ಹೆಂಡತಿ ಲಾಲ್‌ಬೀ ಬಾಗಿಲಲ್ಲೇ ನಿಂತಳು.

“ಒರಲಿ ಬಂದು ದಾರಿ ತೋರಿಸಿದ್ವೇನ್ರಿ ಅವ್ವಾರ?”

“ಹ್ಞೂಂ. ನಿನ್ನ ಗಂಡಂದು ಖರೆ ಇತ್ತು, ನಂದು ಸುಳ್ಳು.”

ಹೀಗೆ ಯಾರ ಹೊಸ್ತಿಲಲ್ಲೂ ಅಂದವಳಲ್ಲ.

೧೫ ಸೆಪ್ಟೆಂಬರ್, ಸಂಜೆ ಐದು

ಆಯಿತು. ತೊಲೆಗೆ ಆಸರೆ ಕೊಟ್ಟು, ನಾಲ್ಕು ಆಳು ಹಚ್ಚಿ ಗೋಡೆ ಒಡೆಸಿದೆ. ಕೊಳೆತ ತುದಿಯನ್ನು ರಹಮಾನಸಾಬ ಕೊಯ್ದು ತೆಗೆದ. ಈಗ ಕೆಳಗೆ ಕಲ್ಲಿನ ಕಂಬ.

ಕನಕರಾಯ ಬಸ್ಸಿಳಿದು ಬಂದ. “ಯವ್ವಾ, ಗ್ವಾಡಿ?”

“ಒಡಿಸೀನಿ.”

“ತಿಳದವ್ರನ್ನ ಒಂದ್ ಮಾತು ಕೇಳಬೇಕಿತ್ತಿಲ್ಲ?”

“ಕೇಳೀನಿ. ಅಲ್ಲಿ ಕುಂತು ಚಾ ಕುಡ್ಯಾಕತ್ತಾನ ನೋಡು.”

ಪೊರಕೆ ಅವನ ಕೈಗೇ ಕೊಟ್ಟಿದ್ದೇನೆ. ಗುಡಿಸುತ್ತಿದ್ದಾನೆ. ಬಿಳಿ ಕಸ ಗಾಳಿಗೆ ಅಂಗಳದ ತುಂಬ — ಏ ಕನಕರಾಯ, ಆ ಮೂಲ್ಯಾಗ ಇನ್ನೂ...