ಪಿಲಾರ್ ಅವರಿಗೆ, ಯಶು ಓದಿ ಹೇಳತಕ್ಕದ್ದು

ಹಳೇಕೋಟೆ, ಹೊಳೆನರಸೀಪುರ ತಾಲ್ಲೂಕು
15 ಜುಲೈ 2025, ಮಂಗಳವಾರ

ಪ್ರೀತಿಯ ಪಿಲಾರ್ ಅವರಿಗೆ,

ನಿಮ್ಮ ಮನೆಯಲ್ಲಿರುವ ಯಶಸ್ವಿನಿಯ ತಾಯಿ ಸರಸಮ್ಮನ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ, ಸ್ವಲ್ಪ ಸಿಟ್ಟಿನಲ್ಲಿದ್ದೇನೆ. ಸಿಟ್ಟು ಯಾರ ಮೇಲೆ ಅನ್ನುವುದು ಬರೆಯುತ್ತಾ ಬರೆಯುತ್ತಾ ನನಗೂ ಗೊತ್ತಾಗಬಹುದು. ನೀವೂ ನಿಮ್ಮ ಯಜಮಾನರು ರಾಮೋನ್ ಅವರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ.

ನನಗೆ ನಿಮ್ಮ ಭಾಷೆ ಬರುವುದಿಲ್ಲ, ನಿಮಗೆ ನನ್ನದು ಬರುವುದಿಲ್ಲ. ಮಧ್ಯೆ ಇರುವವಳು ಅವಳೊಬ್ಬಳೇ. ಈ ಹಾಳೆಗಳ ಫೋಟೋ ತೆಗೆದು ಅವಳ ಫೋನಿಗೆ ಕಳಿಸುತ್ತೇನೆ. ಅವಳು ನಿಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ, ನಿಮ್ಮ ಭಾಷೆಯಲ್ಲಿ ಹೇಳಬೇಕು. ಅವಳು ಅಲ್ಲಿಗೆ ಬಂದಿರುವ ಭಾಷೆಯ ಕೋರ್ಸು ಮುಗಿಯುವ ತನಕ ನಿಮ್ಮ ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ, ಊರಿಗೆ ಫೋನು ಭಾನುವಾರ ಮಾತ್ರ ಅಂತ ಅವಳ ಕಾಲೇಜಿನವರು ನಿಯಮ ಮಾಡಿದ್ದಾರಲ್ಲ, ಇದರಿಂದ ಆ ನಿಯಮವೇನೂ ಮುರಿಯುವುದಿಲ್ಲ. ಇದೂ ಒಂದು ಪಾಠವೇ ಆಗುತ್ತದೆ. ಯಶು, ಕೇಳಿಸಿತಾ? ಒಂದು ಸಾಲೂ ನುಂಗಬೇಡ. ನಾನು ಖಾರವಾಗಿ ಬರೆದದ್ದಕ್ಕೆ ಸಕ್ಕರೆ ಬೆರೆಸಬೇಡ.

ಮೊದಲು ಊಟದ ವಿಷಯ. ಅವಳು ನಿಮ್ಮಲ್ಲಿಗೆ ಬಂದು ಎರಡು ವಾರಕ್ಕೆ ಫೋನಿನಲ್ಲಿ ನೋಡಿದರೆ ಕತ್ತಿನ ಮೂಳೆ ಕಾಣುತ್ತಿತ್ತು. ನಿಮ್ಮ ಅಡುಗೆ ಸೇರುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ಬಾಯಿ ಬಿಡಿಸಿದೆ. ನೀವು ಇನ್ನೊಂದು ಚೂರು ಹಾಕಲಾ ಅಂತ ಕೇಳುತ್ತೀರಂತೆ, ಇವಳು ಬೇಡ ಅನ್ನುತ್ತಾಳಂತೆ, ನೀವು ಪಾತ್ರೆ ಎತ್ತಿಟ್ಟುಬಿಡುತ್ತೀರಂತೆ. ಪಿಲಾರ್ ಅವರೇ, ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ. ಎರಡನೇ ಸಲ ಅನ್ನುವುದು ಸಂಕೋಚಕ್ಕೆ. ಮೂರನೇ ಸಲ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ಬೇಡ ಅಂತ ಅರ್ಥ. ಆಗಲೂ ಬೆರಳ ಸಂದಿಯಲ್ಲಿ ಒಂದು ಸೌಟು ಸಾರು ಬಿಡುವವರು ನಾವು. ಮೊದಲ ಮಾತಿಗೇ ಹೂಂ ಅನ್ನಬೇಡ, ಆಸೆಬುರುಕಿ ಅಂದುಕೊಳ್ಳುತ್ತಾರೆ ಅಂತ ಚಿಕ್ಕಂದಿನಲ್ಲಿ ಅವಳ ತೊಡೆ ಚಿವುಟಿ ಕಲಿಸಿದವಳು ನಾನೇ. ಆ ಪಾಠವನ್ನು ಅಲ್ಲಿಯ ತನಕ ಹೊತ್ತುಕೊಂಡು ಹೋಗುತ್ತಾಳೆ ಅಂತ ಯಾರಿಗೆ ಗೊತ್ತಿತ್ತು. ಈಗ ನೀವು ಕೇಳದೆಯೇ ಬಡಿಸುತ್ತೀರಿ ಅಂತ ಹೇಳಿದಳು. ಹಾಗೇ ಮಾಡಿ. ಆದರೆ ರಾತ್ರಿ ಹತ್ತು ಗಂಟೆಗೆ ಊಟ ಮಾಡುವ ನಿಮ್ಮ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನಾವು ಆ ಹೊತ್ತಿಗೆ ಅರ್ಧ ನಿದ್ದೆ ಮುಗಿಸಿರುತ್ತೇವೆ.

ಇನ್ನು ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಮೊನ್ನೆ ಭಾನುವಾರ ಅವಳ ಜೊತೆ ಮಾತಾಡುತ್ತಿದ್ದಾಗ ನೀವು ಅವಳ ಹೆಗಲ ಹಿಂದಿನಿಂದ ಬಂದಿರಿ. ಕೈಯಲ್ಲಿ ಅಡುಗೆಮನೆ ಬಟ್ಟೆ ಇತ್ತು. ನನ್ನನ್ನು ನೋಡಿ ನಕ್ಕಿರಿ. ಆಮೇಲೆ ನಗು ನಿಲ್ಲಿಸಿ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿದಿರಿ. ಅದರಲ್ಲಿ ಒಂದೇ ಮಾತು ನನಗೆ ತಿಳಿಯಿತು. ಕಾಂತರಾಜು. ನೀವು ಅದನ್ನು ಎಳೆದೆಳೆದು, ನಾಲಿಗೆ ಉರುಳಿಸಿ ಹೇಳಿದಿರಿ. ಆದರೂ ತಿಳಿಯಿತು. ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ನೀರು ಕುಡಿಯಲು ಎದ್ದು ಹೋದೆ. ಲೈನು ಕಟ್ಟಾಯಿತು ಅಂತ ನಿಮಗೆ ಅನ್ನಿಸಿರಬೇಕು. ಕಟ್ಟಾಗಿರಲಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಈಗಿನ ಹುಡುಗಿಯರು ಹೇಳುತ್ತಾರೆ, ಕೂಗಿಯೇ ಕರೆಯುತ್ತಾರೆ. ನಮ್ಮ ವಾರಗೆಯವರಿಗೆ ಅದು ಬಾಯಿಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಗಂಡನ ಹೆಸರೇನಮ್ಮ ಅಂತ ಕೇಳಿದರೆ ಪಕ್ಕದವರ ಮುಖ ನೋಡುತ್ತೇವೆ, ಅವರು ಹೇಳುತ್ತಾರೆ. ಮಗಳು ಹುಟ್ಟುವ ತನಕ ನಾನು ಅವರನ್ನು ‘ರೀ’ ಅಂದೆ, ಹುಟ್ಟಿದ ಮೇಲೆ ‘ಯಶು ಅಪ್ಪ’ ಅಂದೆ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಪ್ಪ ಅಮ್ಮನ ಹೆಸರು ಹೇಳಲು ಕಲಿಸುವವಳು ನಾನು. ನನ್ನ ಕಥೆ ಮಾತ್ರ ಹೀಗೆ. ಬರೆಯುವುದಕ್ಕೆ ಅಡ್ಡಿಯಿಲ್ಲ ಅಂದುಕೊಂಡು ಮೇಲೆ ಬರೆದಿದ್ದೇನೆ.

ಅವರು ತೀರಿಹೋಗಿ ಎರಡು ವರ್ಷ ಆಯಿತು. ನಮ್ಮ ಮನೆಯಲ್ಲಿ ಆ ಹೆಸರನ್ನು ಇವಳೂ ಹೇಳಿಲ್ಲ. ಅಪ್ಪ ಅನ್ನುವ ಮಾತನ್ನೇ ಎತ್ತಿಲ್ಲ. ನಿಮ್ಮ ಮುಂದೆ ಎತ್ತಿದ್ದಾಳೆ. ಮತ್ತೆ ಫೋನು ಎತ್ತಿಕೊಂಡು, ಅವರಿಗೆ ಹೇಗೆ ಗೊತ್ತೇ ಅಂತ ಕೇಳಿದರೆ ಬಹಳ ಸುಲಭವಾಗಿ ಹೇಳಿದಳು, ‘ಅವ್ರು ಕೇಳ್ತಾರಮ್ಮ, ನಾನು ಹೇಳ್ತೀನಿ. ಪಾತ್ರೆ ಒರೆಸ್ತಾ ದಿನಾ ಮಾತಾಡ್ತೀವಿ. ಒಂದಿನ ಅತ್ತೂಬಿಟ್ಟೆ’ ಅಂತ. ಒರೆಸುವಾಗ ಒಂದು ತಟ್ಟೆ ಒಡೆದುಹೋಯಿತು ಅನ್ನುವ ಹಾಗೆ ಹೇಳಿದಳು.

ಅವರು ಹೇಗೆ ಹೋದರು ಅನ್ನುವುದನ್ನು ಅವಳು ನಿಮಗೆ ಹೇಳಿರುತ್ತಾಳೆ. ಅವಳು ಆಗ ಇಲ್ಲಿರಲಿಲ್ಲ, ಆದ್ದರಿಂದ ನಾನೂ ಹೇಳುತ್ತೇನೆ. ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಹಿಂದೆ ಅವರದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರಿನ ಒಳಗಿನ ತಾಮ್ರದ ತಂತಿ ಕಿತ್ತು ಹೊಸದಾಗಿ ಸುತ್ತುವ ಕೆಲಸ. ಅರಕಲಗೂಡು, ಕೊಣನೂರು, ಅತ್ತ ಚನ್ನರಾಯಪಟ್ಟಣದಿಂದಲೂ ತರುತ್ತಿದ್ದರು. ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಒಂದು ಮೋಟಾರು ಓಡಿಸಿ ನೋಡಿ, ಸರಿಯಾಯ್ತು ತಗೊಂಡೋಗಿ ಅಂತ ರೈತನಿಗೆ ಹೇಳಿ, ಸ್ಟೂಲಿನ ಮೇಲೆ ಕೂತರು. ಅಷ್ಟೇ. ಎದೆನೋವು ಅಂತ ಒಂದು ಮಾತು ಹೇಳಲಿಲ್ಲ. ಯಶು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಅವಳ ದೊಡ್ಡಪ್ಪ ಪುಟ್ಟರಾಜು ಕಾರು ಮಾಡಿಕೊಂಡು ಹೋಗಿ ಕರೆದುಕೊಂಡು ಬಂದರು.

ಅವಳು ಬಂದಾಗ ತಬ್ಬಿಕೊಂಡು ಗೋಳಾಡುತ್ತಾಳೆ ಅಂದುಕೊಂಡಿದ್ದೆ. ಬಂದವಳು ನನ್ನ ಪಕ್ಕ ಕಲ್ಲಿನ ಹಾಗೆ ಕೂತಳು. ನಾನೂ ಅಳಲಿಲ್ಲ. ನಾನು ಅಷ್ಟು ಸುಲಭವಾಗಿ ಅಳುವವಳಲ್ಲ. ತಿಥಿ ಮುಗಿಯಿತು, ಅವಳು ಹಾಸ್ಟೆಲಿಗೆ ಹೋದಳು. ಅಲ್ಲಿಂದಾಚೆ ಊರಿಗೆ ಬರುವುದೆಂದರೆ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವುದು. ಮಾತು ಕೂಡ ಬಸ್ಸಿನ ಮಾತೇ. ಸೀಟು ಸಿಕ್ಕಿತಾ, ರಶ್ ಇತ್ತಾ. ಅಂಗಡಿ ಏನಾಯಿತು ಅಂತಲೂ ಒಂದು ದಿನ ಕೇಳಲಿಲ್ಲ. ಅದು ಹಾಗೇ ಇದೆ. ಬಾಡಿಗೆಗೆ ಕೊಡಬೇಕು, ಒಳಗಿನ ಸಾಮಾನು ತೆಗೆಸಲು ನನಗೆ ಪುರುಸೊತ್ತಾಗಿಲ್ಲ. ಅಪ್ಪನನ್ನು ಮರೆತುಬಿಟ್ಟಳಲ್ಲ, ಇಷ್ಟು ಕಠಿಣವಾದವಳು ಯಾರ ಹೊಟ್ಟೆಯಲ್ಲಿ ಹುಟ್ಟಿದಳು ಅಂತ ನನಗೆ ಒಳಗೊಳಗೇ ಸಂಕಟ. ಯಶು, ಇದನ್ನೂ ಓದು.

ಭಾನುವಾರ ನಿಮ್ಮ ಬಾಯಲ್ಲಿ ಆ ಹೆಸರು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಗಳು ಮರೆತಿಲ್ಲ. ಹಾಗಾದರೆ ನನ್ನ ಮುಂದೆ ಯಾಕೆ ಬಾಯಿ ಕಟ್ಟಿಕೊಂಡಳು? ಒಂದು ವಿಷಯ ತಲೆಗೆ ಹೊಳೆಯಿತು. ಸೋಮವಾರ ಬೆಳಿಗ್ಗೆ ನೇರವಾಗಿ ಪುಟ್ಟರಾಜು ಭಾವನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಆಲೂಗೆಡ್ಡೆಯಲ್ಲಿ ಕೊಳೆತದ್ದನ್ನು ಬೇರೆ ಮಾಡುತ್ತಿದ್ದರು. ಯಶು ಅಪ್ಪ ಹೋದ ದಿನ ಅವರು ನನ್ನನ್ನು ಒಳಗೆ ಕರೆದು ಒಂದು ಮಾತು ಹೇಳಿದ್ದರು. ‘ಸರಸೂ, ಮಗೀನ ಮುಂದೆ ಅಳಬ್ಯಾಡ ಕಣವ್ವ. ಎಳೇದು, ಎದ್ರುಕೋತದೆ. ಅಪ್ಪನ್ ಇಸ್ಯ ಎತ್ತಿ ಅದ್ರ ಓದು ಕೆಡಿಸ್ಬ್ಯಾಡ’ ಅಂತ. ಹಿರಿಯರು ಹೇಳಿದ್ದು, ಕೇಳಿದೆ. ಈಗ ಹೋಗಿ ನಿಂತುಕೊಂಡು ಕೇಳಿದೆ, ಭಾವ, ಅವತ್ತು ಕಾರಿನಲ್ಲಿ ಬರುವಾಗ ಅವಳಿಗೆ ಏನು ಹೇಳಿದಿರಿ ಅಂತ.

ಅವರು ತಲೆಯೆತ್ತದೆಯೇ ಹೇಳಿದರು. ‘ಇನ್ನೇನ್ ಯೋಳ್ತೀನಿ? ನಿಮ್ಮವ್ವ ತಡ್ಕೊಳಲ್ಲ, ಅವ್ಳ ಮುಂದೆ ಕಣ್ಣೀರ್ ಆಕ್ಬ್ಯಾಡ, ಅಪ್ಪನ ಮಾತು ತಗೀಬ್ಯಾಡ ಅಂದೆ. ಒಬ್ರ ಮುಂದೆ ಒಬ್ರು ಅತ್ಕೊಂಡು ಕುಂತ್ರೆ ಮನೆ ನಡೀತದಾ? ಒಳ್ಳೇದ್ಕೇ ಯೋಳಿದ್ದು ಕಣವ್ವ.’

ಪಿಲಾರ್ ಅವರೇ, ನೋಡಿದಿರಾ? ನನಗೂ ಹೇಳಿದ್ದಾರೆ, ಅವಳಿಗೂ ಹೇಳಿದ್ದಾರೆ. ಇಬ್ಬರೂ ಹಿರಿಯರ ಮಾತು ಕೇಳುವ ಒಳ್ಳೆಯ ಹೆಂಗಸರು, ಪಾಲಿಸಿಬಿಟ್ಟೆವು. ಅವಳು ಕಠಿಣ ಅಂತ ನಾನು, ತಾನು ಬಾಯಿ ಬಿಟ್ಟರೆ ಅಮ್ಮ ಉಳಿಯುವುದಿಲ್ಲ ಅಂತ ಅವಳು. ಕೇಡು ಬಯಸಿದವರು ಯಾರೂ ಇಲ್ಲ. ಅದಕ್ಕೇ ಸಿಟ್ಟನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗುತ್ತಿಲ್ಲ. ಭಾವನಿಗೆ ನಾಲ್ಕು ಮಾತು ಅನ್ನಬೇಕು ಅಂತಲೇ ಹೋಗಿದ್ದೆ. ಅಷ್ಟರಲ್ಲಿ ಅವರು, ‘ಈಗ್ಯಾಕೆ ಕೇಳ್ತಾ ಇದ್ದೀಯ?’ ಅಂದರು. ನಿಮ್ಮ ವಿಷಯ ಹೇಳಿದೆ. ‘ಆ ಯಮ್ಮ ನಮ್ಮುಡುಗನ ಎಸ್ರು ಯೋಳುದ್ಲಾ? ಎಂಗೆ ಯೋಳುದ್ಲು?’ ಅಂತ ಕೇಳಿದರು. ನಾನು ನಿಮ್ಮನ್ನು ಅಣಕಿಸುವ ಹಾಗೆ ನಾಲಿಗೆ ಉರುಳಿಸಿ ಹೇಳಿ ತೋರಿಸಿದೆ. ಮದುವೆಯಾದ ಮೇಲೆ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಭಾವ ನಕ್ಕರು. ಇನ್ನೊಂದು ಸಲ ಹೇಳು ಅಂದರು, ಹೇಳಿದೆ. ಮೂರನೇ ಸಲಕ್ಕೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡುಬಿಟ್ಟರು. ತಮ್ಮ ಹೋದಾಗ ಓಡಾಡಿದವರು, ಹೂವು ತಂದವರು, ಅಡುಗೆಯವರನ್ನು ಗೊತ್ತು ಮಾಡಿದವರು ಅವರೇ. ಅವರಿಗೆ ಅಳಲು ಯಾರೂ ಪುರುಸೊತ್ತು ಕೊಟ್ಟಿರಲಿಲ್ಲ. ನಾನು ಅವರ ಜೊತೆ ಕೂತು ಆಲೂಗೆಡ್ಡೆ ಆರಿಸಿಕೊಟ್ಟು ಬಂದೆ.

ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಾಗಿದೆ. ಅದನ್ನು ಮುಚ್ಚಿಟ್ಟು ಬರೀ ಥ್ಯಾಂಕ್ಸ್ ಬರೆದರೆ ಮೋಸವಾಗುತ್ತದೆ. ಅಂಗನವಾಡಿಯಲ್ಲಿ ಯಾರದೋ ಮಗು ಬಿದ್ದು ಅತ್ತರೆ ಎತ್ತಿಕೊಳ್ಳುವವಳು ನಾನು. ನನ್ನ ಮಗಳು ಅತ್ತಾಗ ಎತ್ತಿಕೊಂಡವರು ನೀವು. ಯಾವ ಜನ್ಮದ ನಂಟೋ, ಎಷ್ಟು ಸಮುದ್ರ ದಾಟಿ ಹೋಗಿ ನಿಮ್ಮ ಅಡುಗೆಮನೆಯಲ್ಲಿ ಅತ್ತಳು. ನಿನ್ನೆಯೆಲ್ಲ ಅದನ್ನೇ ನೆನೆಸಿಕೊಂಡು ಉರಿದುಕೊಂಡೆ. ಇವತ್ತು ಹಾಗನ್ನಿಸುತ್ತಿಲ್ಲ. ಅವಳ ಎದೆಯಲ್ಲಿದ್ದದ್ದು ಎಲ್ಲಾದರೂ ಇಳಿಯಿತಲ್ಲ, ಇಳಿಸಿಕೊಂಡ ಹೆಂಗಸು ಕೈಯಲ್ಲಿ ಬಟ್ಟೆ ಹಿಡಿದು ನಿಂತ ಒಳ್ಳೆಯ ಹೆಂಗಸು ಅಂತ ಸಮಾಧಾನವಾಗಿದೆ. ಆ ಸಮಾಧಾನ ನಿಜ, ಹೊಟ್ಟೆಕಿಚ್ಚೂ ನಿಜ.

ಅವಳು ಅಪ್ಪನ ಬಗ್ಗೆ ಏನು ಹೇಳಿದಳು ಅಂತ ನಾನು ನಿಮ್ಮನ್ನು ಕೇಳುವುದಿಲ್ಲ. ಅದು ಅವಳದು. ಒಂದೇ ಒಂದು ಉಪಕಾರ ಕೇಳುತ್ತೇನೆ. ಕೋರ್ಸು ಮುಗಿದ ಮೇಲೆ ಬೆಂಗಳೂರಿನಲ್ಲಿ ಇಳಿದು ನೇರ ಮೈಸೂರಿನ ಹಾಸ್ಟೆಲಿಗೆ ಹೋಗುತ್ತೇನೆ, ಊರಿಗೆ ದಸರಾ ರಜಕ್ಕೆ ಬರುತ್ತೇನೆ ಅಂತ ಹೇಳಿದ್ದಾಳೆ. ಮೊದಲು ಮನೆಗೆ ಬಾ ಅಂತ ನಾನು ಕರೆದೆ. ಬೇಡಮ್ಮ ಅಂದಳು. ನಾನು ಆಯಿತು ಅಂದುಬಿಟ್ಟೆ. ಬೇರೆಯವರ ಮನೆಯ ಹುಡುಗಿಗಾದರೆ ಮೂರು ಸಲ ಬಲವಂತ ಮಾಡುತ್ತಿದ್ದೆ, ಇವಳಿಗೆ ಮಾಡಲಿಲ್ಲ. ನೀವು ಅವಳನ್ನು ಇನ್ನೊಂದು ಸಲ ಕೇಳಿ. ನಿಮ್ಮ ಮಾತಿಗೆ ಬಾಯಿ ಬಿಟ್ಟವಳು, ಹೂಂ ಅಂದರೂ ಅನ್ನಬಹುದು. ಸಂಜೆ ಬಸ್ಸಿಗೆ ಹೊರಡಬಾರದು, ನಾಲ್ಕು ದಿನ ಇರಬೇಕು. ನಮ್ಮ ಮನೆಯಲ್ಲೂ ಒರೆಸುವುದಕ್ಕೆ ಪಾತ್ರೆಗಳಿವೆ ಅಂತ ಹೇಳಿ.

ನೀವೂ ರಾಮೋನ್ ಅವರೂ ಯಾವಾಗಲಾದರೂ ಬನ್ನಿ. ನಮ್ಮ ಹೇಮಾವತಿ ಹೊಳೆ ನೋಡಬಹುದು, ಶ್ರವಣಬೆಳಗೊಳ ಹತ್ತಿರವೇ ಇದೆ. ನಿಮಗಾಗಿ ಒಂದು ರಾತ್ರಿ ಹತ್ತು ಗಂಟೆಯ ತನಕ ಕಣ್ಣು ಬಿಟ್ಟುಕೊಂಡು ಕೂರುತ್ತೇನೆ, ಜಾಸ್ತಿ ಆಗುವುದಿಲ್ಲ. ಮಗಳನ್ನು ನೋಡಿಕೊಂಡದ್ದಕ್ಕೆ ನಿಮ್ಮ ಎರಡೂ ಕೈಗಳಿಗೆ ನಮಸ್ಕಾರ.

ಇಂತಿ ನಿಮ್ಮ,
ಯಶಸ್ವಿನಿಯ ತಾಯಿ
ಸರಸಮ್ಮ

ತಾ.ಕ.: ಯಶು, ಇದು ನಿನಗೆ. ಪಿಲಾರ್ ಅವರಿಗೆ ಓದಬೇಡ. ನಾನು ಅಳುವವಳಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಅಂಗಡಿ ಕೊಡಲು ಪುರುಸೊತ್ತಾಗಿಲ್ಲ ಅನ್ನುವುದೂ ಸುಳ್ಳು. ಸಂತೆಗೆ ಅಂತ ಪೇಟೆಗೆ ಹೋದಾಗಲೆಲ್ಲ ಮೊದಲು ಅಲ್ಲಿಗೆ ಹೋಗುತ್ತೇನೆ. ಶಟರ್ ಒಳಗಿನಿಂದ ಎಳೆದುಕೊಂಡು ನಿಮ್ಮಪ್ಪನ ಸ್ಟೂಲಿನ ಮೇಲೆ ಕೂತು ಸಾಕಾಗುವಷ್ಟು ಅತ್ತು, ಮುಖ ತೊಳೆದು, ಸೊಪ್ಪು ತಗೊಂಡು ಬಸ್ಸು ಹತ್ತುತ್ತೇನೆ. ನಿನಗೆ ಕಾಣಬಾರದು ಅಂತ ಮಾಡಿದ್ದು. ನೀನು ಬಂದರೆ ಇಬ್ಬರೂ ಹೋಗೋಣ. ಪಿಲಾರ್‌ಗೆ ಹೇಳಿದ್ದನ್ನೆಲ್ಲ ನನಗೂ ಹೇಳು. ಕನ್ನಡದಲ್ಲಿ ಹೇಳಲು ಆಗದಿದ್ದರೆ ಅವರ ಭಾಷೆಯಲ್ಲೇ ಹೇಳು, ಮಗಳೇ. ನನಗೆ ಒಂದಕ್ಷರ ತಿಳಿಯುವುದಿಲ್ಲ. ನೀನು ಮುಗಿಸುವ ತನಕ ಎದ್ದು ಹೋಗುವುದಿಲ್ಲ.