ಗೊಂಬೆಯ ಫ್ರಾಕಿಗೆ ಬಿಟ್ಟ ಮಡಿಕೆ

ಜೂನ್ ೧೪, ಭಾನುವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ನೀನೂ ಹಾಗೇ ಇದ್ದೀಯ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಬೈಯಬೇಡ. ಶಾಲೆ ಶುರುವಾಗುವ ಕಾಲ, ಊರ ಮಕ್ಕಳ ಯೂನಿಫಾರ್ಮೆಲ್ಲ ನನ್ನ ತಲೆಯ ಮೇಲೇ ಬಿದ್ದಿತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ, ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಯಾರದೋ ಅಂಗಿಗೆ ಕಾಜಾ ಹೊಲಿಯುತ್ತಿದ್ದೆ.

ನಿನ್ನ ಕೆಮ್ಮು ಹೇಗಿದೆ, ಮೊದಲು ಅದನ್ನು ಬರಿ. ಡಾಕ್ಟರು ಪೂರ್ತಿ ವಾಸಿಯಾಯಿತು ಎಂದರೆಂದು ಒಂದೇ ಸಮ ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ಮೂರು ವರ್ಷ ಆಸ್ಪತ್ರೆಯ ಮಂಚ ಸವೆಸಿ ಬಂದವಳು ನೀನು. ನೀರಿನ ಬಕೆಟ್ ಎತ್ತಿದರೆ ಗಂಡಸಿನ ಕೈಯೇನೂ ಮುರಿದು ಬೀಳುವುದಿಲ್ಲ ಎಂದು ನಿಮ್ಮ ಯಜಮಾನರಿಗೆ ಹೇಳು. ನಾನೇ ಹೇಳಿದೆನೆಂದೂ ಹೇಳು.

ನಮ್ಮ ಗುಂಡಿ ಹೇಗಿದ್ದಾಳೆ? ಅಲ್ಲಿ ಅವಳನ್ನು ಶಾಲೆಯ ಹೆಸರಿನಿಂದಲೇ ಕರೆಯುತ್ತೀರಂತೆ. ಒಳ್ಳೆಯದು. ಉದುರಿದ ಗುಂಡಿಗಳನ್ನು ಹೆಕ್ಕಿ ಹೆಕ್ಕಿ ಬಂದ ಹೆಸರು ದರ್ಜಿಯ ಅಂಗಡಿಯಲ್ಲೇ ಉಳಿಯಲಿ. ಪತ್ರದಲ್ಲಿ ಮಾತ್ರ ನಾನು ಹೀಗೇ ಬರೆಯುತ್ತೇನೆ, ಅವಳಿಗೇನೂ ಕೇಳಿಸುವುದಿಲ್ಲವಲ್ಲ.

ನೀನು ಹೇಳಿದಂತೆಯೇ ನಡೆದುಕೊಂಡಿದ್ದೇನೆ. ಫೋನ್ ಮಾಡಿಲ್ಲ. "ಸ್ವಲ್ಪ ದಿನ ಫೋನ್ ಬೇಡ ಅಕ್ಕಾ, ಅವಳು ಇಲ್ಲಿಗೆ ಹೊಂದಿಕೊಳ್ಳಲಿ. ಹುಟ್ಟುಹಬ್ಬಕ್ಕೆ ಏನಾದ್ರೂ ಕಳಿಸು, ಆದ್ರೆ ನಾನೇ ತಂದಿದ್ದು ಅಂತ ಕೊಡ್ತೀನಿ" ಎಂದು ಬರೆದಿದ್ದೆಯಲ್ಲ, ಓದಿದಾಗ ನನಗೆ ಕೋಪ ನೆತ್ತಿಗೇರಿತು. ಸಂಜೆಯ ಹೊತ್ತಿಗೆ ಇಳಿಯಿತು. ಹೆತ್ತವಳು ನೀನು. ಮೂರು ವರ್ಷದ ಮಗಳನ್ನು ನನ್ನ ಮಡಿಲಿಗೆ ಹಾಕಿ ಕಾಯಿಲೆಯ ಬೆನ್ನು ಹತ್ತಿ ಹೋದ ನಿನಗೆ, ಮಗುವಿಗೆ ಆರು ತುಂಬುವ ಹೊತ್ತಿಗೆ ಅವಳು ಮತ್ತೆ ಸಿಕ್ಕಿದ್ದಾಳೆ. ನಿಮ್ಮಿಬ್ಬರ ನಡುವೆ ನನ್ನ ದನಿ ಯಾಕೆ?

ಕಾಗದದ ಗೊಂಬೆಗಳನ್ನು ಕಳಿಸುತ್ತಿದ್ದೇನೆ. ಆಟದ ಸಾಮಾನಿನ ಅಂಗಡಿಯಾಕೆಯ ತಲೆ ತಿಂದು, ಅಳೆದೂ ಸುರಿದೂ ಆರಿಸಿದ್ದು. ಆಕೆ ಮೊದಲು ಅಯಸ್ಕಾಂತದ ಗೊಂಬೆ ತೋರಿಸಿದಳು. "ಕತ್ತರಿಸೋ ರಗಳೆನೇ ಇಲ್ಲ ಮೇಡಂ, ಬಟ್ಟೆ ಇಟ್ರೆ ಸಾಕು, ಅಂಟ್ಕೊಳ್ಳುತ್ತೆ" ಅಂದಳು. ಕತ್ತರಿಸುವುದೂ ಇಲ್ಲ ಅಂದ ಮೇಲೆ ಮಗು ಮಾಡುವುದೇನು, ಬರೀ ನೋಡುವುದೇ ಎಂದು ಕೇಳಿದೆ. ಆಮೇಲೆ ಒಂದು ರಾಜಕುಮಾರಿ ಬಂದಳು. ಮೈಯೆಲ್ಲ ಮಿಣಮಿಣ. ಕತ್ತು ಬೆಂಕಿಕಡ್ಡಿಯಷ್ಟು ಸಣ್ಣ, ಎರಡು ದಿನ ಆಡಿದರೆ ತಲೆ ಎದೆಯ ಮೇಲೆ ಜೋತುಬೀಳುತ್ತದೆ. ಮೇಲಾಗಿ ಹಲ್ಲು ಕಿರಿದು ನಗುತ್ತಿದ್ದಳು. ಗುಂಡಿಯ ಗೊಂಬೆಗಳಿಗೆ ದಿನ ಬಿಟ್ಟು ದಿನ ಜ್ವರ ಬರುತ್ತದೆ. ಹಲ್ಲು ಕಿರಿಯುವವಳಿಗೆ ಜ್ವರ ಬಂದಿದೆ ಎಂದರೆ ಯಾರು ನಂಬುತ್ತಾರೆ?

ಕೊನೆಗೆ ಕಪಾಟಿನ ಹಿಂದುಗಡೆಯಿಂದ ಒಂದು ಸಾದಾ ಸೆಟ್ಟು ಹೊರಬಂತು. ದಪ್ಪ ರಟ್ಟು, ಕತ್ತು ಗಟ್ಟಿ. ಭುಜಕ್ಕೆ ಸಿಕ್ಕಿಸುವ ಪಟ್ಟಿಗಳು ಅಗಲವಾಗಿವೆ, ಮಡಚಿ ಬಿಚ್ಚಿ ಮಾಡಿದರೂ ಹರಿಯುವುದಿಲ್ಲ. ಅರ್ಧ ಬಟ್ಟೆಗಳಿಗೆ ಬಣ್ಣವೇ ಇಲ್ಲ, ಆಡುವವರೇ ತುಂಬಬೇಕು. ಮುಖಗಳು ನಗುವುದೂ ಇಲ್ಲ, ಅಳುವುದೂ ಇಲ್ಲ. "ಇದನ್ನ ಯಾರೂ ತಗೊಳ್ಳಲ್ಲ ಮೇಡಂ, ಮುಖದಲ್ಲಿ ಕಳೆನೇ ಇಲ್ಲ" ಅಂದಳು ಅಂಗಡಿಯಾಕೆ. "ಕಳೆ ಆಡೋರು ತುಂಬ್ತಾರೆ, ನೀವು ಕಟ್ಟಿಕೊಡಿ" ಎಂದೆ. ಅಪ್ಪ, ಅಮ್ಮ, ಮಗಳು, ಮೂವರಿದ್ದಾರೆ. ಅಷ್ಟು ಸಾಕು. "ನಿಮ್ಮ ಮಗಳಿಗಾ?" ಎಂದು ಕೇಳಿದಳು. ತಂಗಿಯ ಮಗಳಿಗೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ದಾರ ಹುಡುಕಲು ಒಳಗೆ ಹೋಗಿಯಾಗಿತ್ತು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅವಳ ಗೊಂಬೆಗಳ ಊರಿತ್ತು. ಅಲ್ಲಿ ಚಪ್ಪಲಿ ಡಬ್ಬಿಯೇ ಆಸ್ಪತ್ರೆ. ಅಮ್ಮ ಗೊಂಬೆ ಸದಾ ಅದರೊಳಗೆ ಮಲಗಿರುತ್ತಿತ್ತು. ಆದರೆ ನಾನು ಯಾವ ಹೊಸ ಕಾಗದದ ಬಟ್ಟೆ ಮಾಡಿಕೊಟ್ಟರೂ ಮೊದಲ ಪಾಲು ಅದಕ್ಕೇ. "ಮಲಗೇ ಇರೋಳಿಗೆ ಅಷ್ಟೊಂದು ಬಟ್ಟೆ ಯಾಕೇ?" ಎಂದು ಒಂದು ಸಲ ರೇಗಿಸಿದೆ. "ಮನೆಗೆ ಬರೋ ದಿನ ಏನು ಹಾಕ್ಕೋತಾಳೆ ಮತ್ತೆ?" ಎಂದು ನನ್ನನ್ನೇ ಗದರಿದಳು. ಮಗಳು ನಿನ್ನನ್ನು ಮರೆತಿದ್ದಳೆಂದು ಒಳಗೊಳಗೇ ಕೊರಗಬೇಡ ಕಣೇ. ಅವಳು ಮರೆಯಲೇ ಇಲ್ಲ.

ಸೆಟ್ಟಿನ ಬಟ್ಟೆಗಳ ಜೊತೆಗೆ ನಾನೂ ಕೆಲವನ್ನು ಸೇರಿಸಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಕೈ ಸುಮ್ಮನಿರಲಿಲ್ಲ. ಆದರೆ ಒಂದು ಎಡವಟ್ಟಾಯಿತು. ಬೆಳೆಯುವ ಮಕ್ಕಳ ಫ್ರಾಕು ಹೊಲಿಯುವಾಗ ಕೆಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಒಳಕ್ಕೆ ಮಡಚುತ್ತೇವಲ್ಲ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲು, ಆ ಮಡಿಕೆಯನ್ನು ನಾನು ಗೊಂಬೆಯ ಕಾಗದದ ಫ್ರಾಕಿಗೂ ಬಿಡುತ್ತೇನೆ. ಬೇಕೆಂದು ಮಾಡುವುದಲ್ಲ, ಕತ್ತರಿ ತಾನಾಗಿ ಕೆಳಗೆ ಹೋಗಿಬಿಡುತ್ತದೆ. ಮೊದಲ ಸಲ ನೋಡಿದಾಗ ಗುಂಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ದೊಡ್ಡಮ್ಮಾ, ಗೊಂಬೆ ಎಲ್ಲಾದ್ರೂ ಬೆಳೆಯುತ್ತಾ?" ಅಂದಳು. "ಬೆಳೆದುಬಿಟ್ರೆ ಏನು ಮಾಡ್ತೀಯ?" ಅಂದೆ. ಯೋಚನೆ ಮಾಡಿದಳು. ಅವತ್ತಿನಿಂದ ಗೊಂಬೆಗಳಿಗೆ ಹುಟ್ಟುಹಬ್ಬ ಬಂದರೆ ಫ್ರಾಕಿನ ಮಡಿಕೆ ಬಿಚ್ಚುವುದು ನಮ್ಮಿಬ್ಬರ ಕಾನೂನಾಯಿತು.

ಆ ಮಡಿಕೆ ಕಂಡರೆ ಇದು ಯಾರ ಕೈ ಎಂದು ಅವಳಿಗೆ ಆ ಕ್ಷಣವೇ ತಿಳಿದುಹೋಗುತ್ತದೆ. ಹಾಗಾಗಿ ಕೂತು ಎಲ್ಲವನ್ನೂ ಕತ್ತರಿಸಿ ತೆಗೆದಿದ್ದೇನೆ. ಈಗ ಅಚ್ಚು ಅಂಗಡಿಯ ಬಟ್ಟೆಗಳಂತೆಯೇ ಇವೆ. ನೀನು ಧೈರ್ಯವಾಗಿ ನಾನೇ ತಂದಿದ್ದು ಎನ್ನು.

ಇಲ್ಲಿ ಹೇಳುವಂಥ ಸುದ್ದಿಯೇನಿಲ್ಲ. ಯೂನಿಫಾರ್ಮ್ ಒಯ್ಯಲು ಬಂದಿದ್ದ ಶಾಲಾ ಬಸ್ಸಿನ ಡ್ರೈವರಣ್ಣ ಮೇಜಿನ ಕೆಳಗೆ ಬಗ್ಗಿ ನೋಡಿ, "ಎಲ್ಲಕ್ಕಾ ನಿಮ್ಮ ಅಸಿಸ್ಟೆಂಟು?" ಅಂದ. "ಅವಳಿಗೆ ಪ್ರಮೋಷನ್ ಆಯ್ತು, ಹೆಡ್ಡಾಫೀಸಿಗೆ ಹೋದಳು" ಎಂದೆ. ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಮನೆ ಬಿಕೋ ಎನ್ನುತ್ತದೆ ಕಣೇ. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ಒಬ್ಬಳಿಗೆಂದು ಅಡುಗೆ ಮಾಡಲು ಹೋದರೆ ಇಬ್ಬರಿಗಾಗುವಷ್ಟು ಆಗುತ್ತದೆ. ಮಷಿನ್ ತುಳಿಯುವ ಮೊದಲು, ಕೆಳಗೆ ಪುಟ್ಟ ಕೈಯೇನಾದರೂ ಇದೆಯೇ ಎಂದು ಇವತ್ತಿಗೂ ಕಾಲಿನಿಂದ ಸವರಿ ನೋಡಿಯೇ ತುಳಿಯುತ್ತೇನೆ.

ಹೋಗಲಿ ಬಿಡು. ಅವಳಿಗೆ ಮೊಂಡು ಕತ್ತರಿ ಕೊಡು, ಚೂಪಿನದು ಬೇಡ. ಕತ್ತರಿಸುವಾಗ ನಾಲಿಗೆ ಹೊರಗೆ ಚಾಚುತ್ತಾಳೆ, ಬೈಯಬೇಡ. ಅವಳ ಪಕ್ಕ ನೀನೂ ನೆಲದ ಮೇಲೆ ಕೂತು ಆಡು. ಏನು ಆಡಬೇಕೆಂದು ಯೋಚಿಸಬೇಡ, ಅವಳೇ ಹೇಳುತ್ತಾಳೆ. ಈ ಸಲ ಅಮ್ಮ ಗೊಂಬೆಗೆ ಚಪ್ಪಲಿ ಡಬ್ಬಿ ಬೇಕಾಗದಿರಲಿ. ನಿಮ್ಮ ಮೂವರಿಗೂ ಆಯುಸ್ಸು, ಆರೋಗ್ಯ, ಜೊತೆಗೆ ಕೂತು ನಗುವಷ್ಟು ಬಿಡುವು ಸದಾ ಇರಲಿ.

ಇತಿ,
ನಿನ್ನ ಅಕ್ಕ

ತಾ.ಕ.: ಎಲ್ಲ ಮಡಿಕೆಗಳನ್ನೂ ಕತ್ತರಿಸಿದೆ ಎಂದು ಮೇಲೆ ಬರೆದೆನಲ್ಲ, ಒಂದು ಉಳಿದಿದೆ. ಮಗಳು ಗೊಂಬೆಯ ಕೆಂಪು ಫ್ರಾಕಿನದು. ಕತ್ತರಿ ಇಟ್ಟೆ, ಕೈ ಬರಲಿಲ್ಲ. ಅವಳು ಹಗಲೆಲ್ಲ ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು, ಕಣ್ಣಿಗೆ ನಿದ್ದೆ ಹತ್ತುವಾಗ ಮಾತ್ರ ಅಮ್ಮ ಎನ್ನುತ್ತಿದ್ದಳು. ಅಲ್ಲಿಗೆ ಬಂದ ಮೇಲೆ ನಿನ್ನ ಪಕ್ಕದಲ್ಲೇ ಮಲಗಿಕೊಂಡು "ಅಮ್ಮನ ಹತ್ರ ಹೋಗ್ಬೇಕು" ಎಂದು ಅತ್ತಳಂತೆ, ನಿನ್ನ ಪತ್ರಕ್ಕೂ ಮೊದಲೇ ನಿಮ್ಮ ಯಜಮಾನರು ಫೋನಿನಲ್ಲಿ ಹೇಳಿದ್ದರು. ಫೋನ್ ಬೇಡ ಅಂದದ್ದು ಅದಕ್ಕೇ ಎಂದು ನನಗೆ ಗೊತ್ತು. ನಾನು ಕಲಿಸಿದ್ದಲ್ಲ ಕಣೇ. ಆದರೆ ಅಮ್ಮ ಎಂಬ ಆ ಕರೆ ಕೇಳದೆ ಇರುವುದು ನನ್ನಿಂದ ಆಗುತ್ತಿಲ್ಲ. ಫ್ರಾಕನ್ನು ನೀನೇ ನೋಡು. ಮಡಿಕೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಹಾಕಿದ್ದೇನೆ. ಅವಳ ಕೈಗೆ ಕೊಡುವ ಮೊದಲು ಬೇಕಿದ್ದರೆ ಅದರ ಗುಂಟ ಕತ್ತರಿಸಿಬಿಡು, ಫ್ರಾಕೇನೂ ಕೆಡುವುದಿಲ್ಲ.