ಎದೆಮಟ್ಟದ ಕಟ್ಟೆ

ನಮ್ಮ ಅಡಿಗೆಮನೆ ಡಿಸೈನ್ ಮಾಡಿದ ಹುಡುಗಿಗೆ,

ನೀನು ಮೊಮ್ಮಗಳ ವಯಸ್ಸಿನವಳು, ಅದಕ್ಕೇ ಏಕವಚನ. ಸಿಟ್ಟೂ ಇದೆ, ಅದಕ್ಕೂ ಏಕವಚನ.

"ಇನ್ಮೇಲೆ ಇದೇ ಮನೆಯ ಹೃದಯ, ತಾತ" ಅಂದು ನಡುವೆ ಎದೆಮಟ್ಟದ ಅಮೃತಶಿಲೆ ಕಟ್ಟೆ ಕಟ್ಟಿಸಿ, ಎತ್ತರದ ಸ್ಟೂಲು ಹಾಕಿಸಿದೆ. ಹಳೇ ಊಟದ ಮೇಜನ್ನು ಗುಜರಿಗೆ ಕಳಿಸಿದೆ. ಈಗ ಮಗ, ಸೊಸೆ, ಬಂದವರು ಹೋದವರು ಎಲ್ಲರೂ ಕೊಕ್ಕರೆಗಳ ಹಾಗೆ ಮೇಲೆ ಕೂತು ಹರಟುತ್ತಾರೆ. ಗಾಲಿಕುರ್ಚಿಯಲ್ಲಿರುವ ನನ್ನ ಹೆಂಡತಿ ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು ಕೆಳಗೆ ಉಣ್ಣುತ್ತಾಳೆ. ಗೋಡೆ ಗೋಡೆ ಅಳೆದೆಯಲ್ಲ, ಅವಳು ಕಣ್ಣಿಗೆ ಬೀಳಲಿಲ್ಲವೇ?

ನಿನ್ನೆ ನಾವೆಲ್ಲ ಯಾವುದೋ ಮಾತಿಗೆ ಗೊಳ್ಳೆಂದು ನಕ್ಕೆವು. ಕೆಳಗೆ ಅವಳೂ ನಕ್ಕಳು.

"ನಿಂಗೆ ಮಾತು ಕೇಳಿಸ್ತೇನೇ?" ಅಂದೆ.

"ಎಲ್ಲಿ ಕೇಳಿಸ್ತು! ನಿಮ್ಮ ಕಾಲುಗಳೆಲ್ಲ ಕುಣಿದ್ವಲ್ಲ, ಏನೋ ತಮಾಷೆ ಇರ್ಬೇಕು ಅಂತ ನಕ್ಕೆ."



ಕಟ್ಟೆಯ ಒಂದು ತುದಿಯನ್ನು ಅವಳ ಕುರ್ಚಿಯ ಮಟ್ಟಕ್ಕೆ ಇಳಿಸು. ಮಂಡಿ ಒಳಗೆ ಹೋಗುವಷ್ಟು ಜಾಗ ಬಿಡು. ಅಂದ ಕೆಡುತ್ತದೆ ಅಂತ ರಾಗ ಎಳೆಯಬೇಡ. ಭಾನುವಾರದೊಳಗೆ ಬಾ. ಬರದಿದ್ದರೆ ಸುತ್ತಿಗೆ ಹುಡುಕಿಟ್ಟಿದ್ದೇನೆ. ಮಗ ಇದನ್ನು ತಮಾಷೆ ಅಂದುಕೊಂಡಿದ್ದಾನೆ.

ಇಂತಿ,
ನಿನ್ನೆಯಿಂದ ಕೆಳಗೇ ಉಣ್ಣುತ್ತಿರುವ,
ಅವಳ ಗಂಡ